ನನ್ನ ಕಾಯಿಲೆಯನ್ನು ನನ್ನ ಸೊಸೆಗೆ ವಿವರಿಸಿದವರಿಗೆ

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ನಿಮ್ಮ ಆಸ್ಪತ್ರೆಯಲ್ಲಿ ಪ್ರಾಸ್ಟೇಟ್ ಆಪರೇಷನ್ ಮಾಡಿಸಿಕೊಂಡವನು ನಾನು. ಮನೆಗೆ ಹೋದ ಮೇಲೆ ಏನು ಮಾಡಬೇಕು, ಏನಾದರೆ ತಕ್ಷಣ ಓಡಿ ಬರಬೇಕು ಎಂಬುದನ್ನೆಲ್ಲ ನಿಮ್ಮವರು ಸವಿಸ್ತಾರವಾಗಿ ಇಂಗ್ಲಿಷಿನಲ್ಲಿ ವಿವರಿಸಿದರು. ನನಗಲ್ಲ, ನನ್ನ ಸೊಸೆಗೆ. ನನ್ನ ದೂರು ಇಷ್ಟೇ. ಇದರಲ್ಲಿ ದೂರುವುದೇನಿದೆ ಎನ್ನಿಸಿದರೆ ದಯವಿಟ್ಟು ಮುಂದೆ ಓದಿ. ಈ ಭಾಷೆ ಬಾರದಿದ್ದರೆ ಪಕ್ಕದಲ್ಲಿ ನಿಂತ ಯಾರನ್ನಾದರೂ ಕೇಳಿ. ಅವರು ನಿಮ್ಮ ಸೊಸೆಯೇ ಆಗಿದ್ದರೆ ಇನ್ನೂ ಒಳ್ಳೆಯದು.

ನಾನು ದರ್ಜಿ. ಈ ಊರಿನ ಅರ್ಧ ಗಂಡಸರ ಪ್ಯಾಂಟಿಗೆ ಅಳತೆ ತೆಗೆದವನು. ಕೈಯಲ್ಲಿ ಟೇಪಿದ್ದರೆ ನನಗೆ ಯಾವ ಸಂಕೋಚವೂ ಇಲ್ಲ. ಆದರೆ ಮನೆಯಲ್ಲಿ ಸೊಸೆಯ ಹೆಜ್ಜೆ ಸಪ್ಪಳ ಕೇಳಿದರೆ ಬನಿಯನ್ ಮೇಲೆ ಅಂಗಿ ಹಾಕಿಕೊಳ್ಳುವವನು. ಅವಳು ಒಳ್ಳೆಯ ಹುಡುಗಿ, ಯಾವುದೋ ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾಳೆ, ಇಂಗ್ಲಿಷ್ ಅವಳಿಗೆ ನೀರು ಕುಡಿದಷ್ಟು ಸಲೀಸು. ನನ್ನನ್ನು ಮನೆಗೆ ಕಳಿಸುವ ದಿನ ಮಗನಿಗೆ ರಜೆ ಸಿಗಲಿಲ್ಲ. ನನ್ನ ಹೆಂಡತಿಯ ಇಂಗ್ಲಿಷ್ ನನ್ನದಕ್ಕಿಂತ ಒಂದು ಕೈ ಕಡಿಮೆಯೇ. ಹೀಗಾಗಿ ನಿಮ್ಮ ನರ್ಸ್ ಹಾಸಿಗೆಯ ಸುತ್ತ ಕಣ್ಣಾಡಿಸಿ ಇಂಗ್ಲಿಷ್ ಬಲ್ಲ ಮುಖವೊಂದನ್ನು ಹಿಡಿದರು, ಅಲ್ಲಿಂದಾಚೆಗೆ ನನ್ನತ್ತ ತಿರುಗಲೇ ಇಲ್ಲ. ನನ್ನ ಮೈಗೆ ಹಾಕಿದ ನಳಿಕೆ, ಅದರ ತುದಿಯ ಮೂತ್ರದ ಚೀಲ, ನಳಿಕೆ ಹೊಕ್ಕ ಜಾಗವನ್ನು ತೊಳೆಯುವ ಬಗೆ, ಎಲ್ಲವನ್ನೂ ಬೆರಳಿಟ್ಟು ತೋರಿಸಿದರು. ನಾನು ಚಾವಣಿ ನೋಡುತ್ತಿದ್ದೆ, ಸೊಸೆ ನೆಲ ನೋಡುತ್ತಿದ್ದಳು. ಕೊನೆಗೆ, ಇವರಿಗೆ ಹೇಳಿಬಿಡಿ ಎಂಬಂತೆ ನನ್ನ ಕಡೆ ಕೈ ಮಾಡಿದರು.

"ಮಾವ, ಕ್ಲೀನಾಗಿ ಇಟ್ಕೋಬೇಕಂತೆ. ಏನಾದ್ರೂ ತೊಂದ್ರೆ ಆದ್ರೆ ಹೇಳ್ಬೇಕಂತೆ," ಎಂದಳು ಸೊಸೆ.

"ಆಯ್ತಮ್ಮ," ಎಂದೆ. ಅವಳಿಂದ ಸಹಿ ಹಾಕಿಸಿಕೊಂಡು ನಮ್ಮನ್ನು ಕಳಿಸಿಕೊಟ್ಟಿರಿ.

ಉಳಿದದ್ದನ್ನು ಅವಳು ಗಂಡನ ಕಿವಿಗೆ ಹಾಕಿ, ನೀವೇ ಹೇಳಿ ಎಂದಳಂತೆ. ಮಗ ಕೆಲಸದಿಂದ ಬಂದು ನನ್ನ ಪಕ್ಕ ಕೂತ. ಬಹಳ ಹೊತ್ತು ಗಂಟಲು ಸರಿಮಾಡಿಕೊಂಡು, ನೀರು ಚೆನ್ನಾಗಿ ಕುಡಿ, ಹುಷಾರಾಗಿರು ಎಂದು ಹೇಳಿ ಎದ್ದು ಹೋದ. ನಾಚಿಕೆಯ ವಿಷಯದಲ್ಲಿ ಅವನು ನನ್ನದೇ ಅಚ್ಚು.

ನೀರನ್ನೂ ನಾನು ಕುಡಿಯಲಿಲ್ಲ. ಕುಡಿದರೆ ಚೀಲ ತುಂಬುತ್ತದೆ, ತುಂಬಿದ್ದನ್ನು ಯಾರಾದರೂ ಬರಿದು ಮಾಡಬೇಕು. ನನಗೆ ಬಗ್ಗಲಾಗದು, ಹೆಂಡತಿಗೆ ಮಂಡಿನೋವು. ಇನ್ನುಳಿದವರು ಯಾರೆಂದು ನೀವೇ ಲೆಕ್ಕ ಹಾಕಿ. ಒಂದು ಬೆಳಿಗ್ಗೆ ಚೀಲಕ್ಕೆ ಹನಿಯೂ ಬೀಳಲಿಲ್ಲ. ನನಗೆ ಖುಷಿಯೇ ಆಯಿತು. ಒಳಗಿನ ಗಾಯ ಮಾಗಿತು, ಇನ್ನು ಈ ಚೀಲದ ಋಣ ತೀರಿತು ಎಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಕೆಳಹೊಟ್ಟೆ ಕಲ್ಲಿನಂತಾಯಿತು. ಸೊಸೆ ಬಾಗಿಲಾಚೆಯಿಂದಲೇ, ಎಲ್ಲ ಸರಿ ಇದೆಯೇ ಎಂದು ಕೇಳಿದಳು. ಚೀಲಕ್ಕೆ ಬೀಳುತ್ತಿದೆಯೇ ಎಂದು ಕೇಳಬೇಕೆಂದಿದ್ದಳಂತೆ, ಪಾಪ, ಬಾಯಿ ಬರಲಿಲ್ಲ. ಬೀಳುತ್ತಿಲ್ಲ ಎನ್ನಲು ನನಗೂ ಬಾಯಿ ಬರಲಿಲ್ಲ. ಸರಿ ಇದೆಯಮ್ಮ ಎಂದೆ. ಬೆವರು ಕಿತ್ತುಕೊಂಡು ಬಂದು ನಾನು ಗೋಡೆ ಹಿಡಿದಾಗಲೇ ಹೆಂಡತಿ ಕೂಗಿಕೊಂಡದ್ದು.

ನಳಿಕೆಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ನಿಮ್ಮ ವೈದ್ಯರು ಅದನ್ನು ತೆಗೆದು ನನ್ನನ್ನು ಉಳಿಸಿದರು, ಆ ಉಪಕಾರವನ್ನು ನಾನು ಮರೆಯುವವನಲ್ಲ. ಇನ್ನಷ್ಟು ತಡವಾಗಿದ್ದರೆ ಕಿಡ್ನಿ ಕೈಕೊಡುತ್ತಿತ್ತಂತೆ. ಆಮೇಲೆ ಅವರು ಎಲ್ಲರೆದುರು ಸೊಸೆಯತ್ತ ತಿರುಗಿ, ಚೀಲಕ್ಕೆ ಬೀಳುವುದು ನಿಂತರೆ ತಕ್ಷಣ ಕರೆತನ್ನಿ ಎಂದು ನಿಮಗೆ ಅಷ್ಟು ಬಿಡಿಸಿ ಹೇಳಿರಲಿಲ್ಲವೇ ಎಂದು ಬೈದರು. ಆ ಇಂಗ್ಲಿಷನ್ನು ನನಗೆ ಯಾರೂ ತಿಳಿಸಿ ಹೇಳಬೇಕಾಗಲಿಲ್ಲ. ಅಂದಿನಿಂದ ಅವಳು ಊಟದ ತಟ್ಟೆಯನ್ನು ನನ್ನ ಮುಂದಿಟ್ಟು ತಲೆಯೆತ್ತದೆ ಹೋಗುತ್ತಾಳೆ. "ಅತ್ತೆ, ನನ್ನಿಂದ್ಲೇ ಹೀಗಾಯ್ತು," ಎಂದು ಅಡುಗೆಮನೆಯಲ್ಲಿ ಅತ್ತಿದ್ದು ನನಗೂ ಕೇಳಿಸಿತು. ಹೊಟ್ಟೆಯ ನೋವಿಗಿಂತ ಅದು ನನ್ನನ್ನು ಹೆಚ್ಚು ನೋಯಿಸಿತು.

ದೂರು ಕೊಟ್ಟರೆ ನಿಮ್ಮ ಕಚೇರಿಯ ಉತ್ತರ ಸಿದ್ಧವಾಗಿತ್ತು: ಸೂಚನೆಗಳನ್ನು ಕುಟುಂಬದ ಸದಸ್ಯರಿಗೆ ವಿವರಿಸಿ ಸಹಿ ಪಡೆಯಲಾಗಿದೆ. ಸ್ವಾಮಿ, ನಳಿಕೆ ಇದ್ದದ್ದು ಕುಟುಂಬದ ಸದಸ್ಯರಿಗೋ, ನನಗೋ? ಬಟ್ಟೆ ಹೊಲಿಸುವವನನ್ನು ಬಿಟ್ಟು ಜೊತೆಗೆ ಬಂದವನ ಅಳತೆ ತೆಗೆದಿದ್ದರೆ ನನ್ನ ಅಂಗಡಿಗೆ ಎಂದೋ ಬೀಗ ಬೀಳುತ್ತಿತ್ತು. ನನ್ನ ಸೊಸೆ ಯಾವಾಗ ನಿಮ್ಮ ಸಿಬ್ಬಂದಿಗೆ ಸೇರಿದಳು? ಮಾವನ ಮೈಯ ಮುಚ್ಚುಮರೆಯ ಸಂಗತಿಯನ್ನು ಮಾವನಿಗೇ ಹೇಳುವ ಕೆಲಸವನ್ನು ನಿಮ್ಮ ಮನೆಯ ಹೆಣ್ಣುಮಕ್ಕಳಿಗೆ ಒಪ್ಪಿಸುತ್ತಿದ್ದಿರಾ? ನಮ್ಮ ಭಾಷೆ ಬಲ್ಲವರು ಇಲ್ಲ ಎನ್ನಬೇಡಿ. ಬಿಲ್ಲು ಕಟ್ಟುವ ಕಿಟಕಿಯಲ್ಲಿ ಒಬ್ಬರಿದ್ದಾರೆ, ಬಹಳ ಸ್ಪಷ್ಟವಾಗಿ ಮಾತಾಡುತ್ತಾರೆ. ಅವರು ಹೇಳಿದ್ದು ನನಗೆ ಒಂದೇ ಸಲಕ್ಕೆ ಅರ್ಥವಾಯಿತು.

ಜಗಳವಾಡುವ ತ್ರಾಣ ನನ್ನಲ್ಲಿಲ್ಲ. ಮುಂದಿನ ವಾರ ನಳಿಕೆ ತೆಗೆಸಲು ಬರುತ್ತೇನೆ. ಆ ಕಿಟಕಿಯವರನ್ನೇ ಸ್ವಲ್ಪ ಹೊತ್ತು ಎಬ್ಬಿಸಿ ಕಳಿಸಿ. ಪರದೆ ಎಳೆದು, ಸೊಸೆಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ನನ್ನ ಮುಖ ನೋಡಿ ನನಗೆ ಹೇಳಿ. ಅರ್ಥವಾಯಿತೇ ಎಂದು ಮಾತ್ರ ಕೇಳಬೇಡಿ, ನಾನು ತಲೆಯಾಡಿಸಿಬಿಡುತ್ತೇನೆ. ಏನು ಅರ್ಥವಾಯಿತು ಎಂದು ನನ್ನ ಬಾಯಿಂದಲೇ ಹೇಳಿಸಿ. ನನ್ನಂತೆ ಬರುವ ಎಲ್ಲ ಅಪ್ಪ ಅಮ್ಮಂದಿರಿಗೂ ಹಾಗೆಯೇ ಮಾಡಿ.

ಇನ್ನೊಂದು ಬೇಡಿಕೆ. ನನ್ನ ಸೊಸೆಗೆ ಒಂದು ಸಾಲು ಬರೆಯಿರಿ, ತಪ್ಪು ನಿಮ್ಮದಲ್ಲ, ನಮ್ಮದು ಎಂದು. ಅದನ್ನು ಬೇಕಾದರೆ ಇಂಗ್ಲಿಷಿನಲ್ಲೇ ಬರೆಯಿರಿ, ಅವಳಿಗೆ ಅರ್ಥವಾಗುತ್ತದೆ. ನಾನೇ ಹೇಳೋಣವೆಂದು ಎಷ್ಟೋ ಸಲ ಬಾಗಿಲವರೆಗೆ ಹೋಗಿ, ಊಟ ಆಯ್ತಾ ಎಂದಷ್ಟೇ ಕೇಳಿ ವಾಪಸು ಬಂದಿದ್ದೇನೆ. ಅದಕ್ಕೇ ಈ ಪತ್ರವನ್ನು ಪತ್ರಿಕೆಗೂ ಕಳಿಸಿದ್ದೇನೆ. ಅವಳು ಪತ್ರಿಕೆ ಓದುತ್ತಾಳೆ. ಇದನ್ನೂ ಓದುತ್ತಾಳೆ.

ಇಂತಿ,
ಸೊಸೆಯ ಮುಂದೆ ಬಾಯಿಬಿಡಲಾಗದೆ ಊರಿಗೆಲ್ಲ ಹೇಳಿಕೊಂಡ
ಒಬ್ಬ ದರ್ಜಿ