ಕೆಲ್ವೋ ಒಂದೇ ಯಾಕೆ

ಆಗಸ್ಟ್ 4, ಸೋಮವಾರ

ಶಟರ್ ಎತ್ತುವಾಗಲೇ ಗಿರಾಕಿ. ಕೆಲ್ವೋ ಫೋನಿನ ಹೊಸ ಮಾಡೆಲ್ ಬೇಕಂತೆ. ಬಂದಿಲ್ಲ ಎಂದೆ. “ಆನ್‌ಲೈನಲ್ಲಿ ಉಂಟಲ್ಲ” ಎಂದು ನನ್ನ ಕೌಂಟರಿಗೆ ಒರಗಿ ನಿಂತೇ ಆರ್ಡರ್ ಮಾಡಿದ. ಗಾಳಿ ನನ್ನ ಫ್ಯಾನಿನದು, ವೈಫೈ ನನ್ನದು. ಹೋಗುವಾಗ ಸ್ಕ್ರೀನ್ ಗಾರ್ಡಿಗೆ ಚೌಕಾಶಿ ಬೇರೆ.

ಭವ್ಯಶ್ರೀ ನಗುತ್ತಿದ್ದಳು. ತನ್ನ ಫೋನು ಮಾರಲು ಕೆಲ್ವೋ ಕಂಪನಿ ನನ್ನ ಅಂಗಡಿಯಲ್ಲಿ ನಿಲ್ಲಿಸಿದ ಪ್ರಮೋಟರ್. ಸಂಬಳ ಅವರದು, ಕುರ್ಚಿ ನನ್ನದು. ತನ್ನ ಊರು ಕನ್ಯಾನದಿಂದ ಇಲ್ಲಿ ಮೆಲ್ಕಾರಿಗೆ ದಿನಾ ಬಸ್ಸು. ಒಳ್ಳೆಯ ಹುಡುಗಿ. ಆದರೆ ಯಾರ ಅನ್ನವೋ ಅವರ ಋಣ — ಅದನ್ನು ನಾನು ಮರೆಯುವವಳಲ್ಲ.

ಸಂಜೆ ವಾಟ್ಸಾಪ್ ಗ್ರೂಪಿನಲ್ಲಿ ಸುಧಾಕರಣ್ಣನ ಮೆಸೇಜ್. ಮೂಡುಬಿದಿರೆಯಲ್ಲಿ ದೊಡ್ಡ ಅಂಗಡಿ, ನಮ್ಮ ಮೊಬೈಲ್ ಅಂಗಡಿಯವರ ಸಂಘದ ಅಧ್ಯಕ್ಷರು. ಚೌತಿ ಕಳೆದ ಮೇಲೆ ಯಾರೂ ಕೆಲ್ವೋ ಮಾರಬಾರದಂತೆ. ಗುರುವಾರ ಮೀಟಿಂಗ್.

ಕೆಲ್ವೋ ಒಂದೇ ಯಾಕೆ? ಹೊಸ ಮಾಲು ಮೊದಲು ಆನ್‌ಲೈನಿಗೆ, ಮಿಕ್ಕಿದ್ದು ನಮಗೆ — ರಿವಾನ್ ಕಂಪನಿಯವರು ಮಾಡುವುದೂ ಅದನ್ನೇ. ಎಲ್ಲ ಕಂಪನಿಗಳೂ ಅದನ್ನೇ. ಇದರಲ್ಲಿ ಏನೋ ಇದೆ.

ಆಗಸ್ಟ್ 7, ಗುರುವಾರ

ಬಿ.ಸಿ. ರೋಡಿನ ಹೋಟೆಲ್ ಮಹಡಿ. ಗೋಳಿಬಜೆ ತಣ್ಣಗಾಗಿತ್ತು. ಎಲ್ಲರ ಫೋನೂ ಮೇಜಿನ ಮೇಲೆ ಬೋರಲು. ಯಾರಾದರೂ ರೆಕಾರ್ಡ್ ಮಾಡುತ್ತಾರೆಂದು ಎಲ್ಲರಿಗೂ ಗುಮಾನಿ. ನಾನೂ ಎರಡು ಸಲ ಮೇಜಿನಡಿ ಬಗ್ಗಿ ನೋಡಿದೆ.

ಬೆಳ್ತಂಗಡಿಯ ನೌಫಲ್ ನನ್ನ ಪ್ರಶ್ನೆಯನ್ನೇ ಕೇಳಿದ. ಸುಧಾಕರಣ್ಣ, “ಎಲ್ಲ ಕಂಪನಿಯನ್ನೂ ಬಿಟ್ರೆ ನಾವು ಎಂತ ಮಾರುದು, ಕಡ್ಲೆಯಾ? ಒಬ್ಬನಿಗೆ ಪೆಟ್ಟು ಕೊಟ್ರೆ ಉಳಿದವರು ಹೆದರ್ತಾರೆ” ಎಂದರು.

“ಒಬ್ಬನಿಗೆ ಕೊಡುವ. ಆದ್ರೆ ನಿಮಗೆ ಆಗದವನಿಗೇ ಯಾಕೆ?” ಎಂದ ನೌಫಲ್. “ನಿಮ್ಮ ಅಂಗಡಿ ಗೋಡೆ ಪೂರ್ತಿ ರಿವಾನಿನದ್ದೇ ಬೋರ್ಡು ಉಂಟಲ್ಲ.”

ಸುಧಾಕರಣ್ಣ ಚಾ ಕುಡಿದರು.  ಆಮೇಲೆ “ಒಪ್ಪುವವರು ಕೈ ಎತ್ತಿ” ಎಂದರು. ನೌಫಲನೂ ಎತ್ತಿದ. ನಾನೂ ಎತ್ತಿದೆ, ಕೊನೆಗೆ. ಚೌತಿಯ ಸ್ಟಾಕ್ ಕೈಸೇರುವವರೆಗೆ ಕಂಪನಿಗೆ ಸುದ್ದಿ ಹೋಗಬಾರದು ಎಂದು ತೀರ್ಮಾನ.

ಮನೆಗೆ ಬಂದು ಲೋಕನಾಥನಿಗೊಂದು ಫೋನ್ ಮಾಡಿದೆ. ಕೆಲ್ವೋದ ಏರಿಯಾ ಮ್ಯಾನೇಜರ್. ಗುಟ್ಟೇನೂ ಬಿಡಲಿಲ್ಲ. ಯಾರು ಏನೇ ಮಾಡಲಿ, ನನ್ನನ್ನು ಆ ಲೆಕ್ಕದಲ್ಲಿ ಹಿಡಿಯಬೇಡಿ ಎಂದೆ, ಅಷ್ಟೇ. ವ್ಯವಹಾರ ಅಂದ ಮೇಲೆ ಹೇಳಿಡಬೇಕಾಗುತ್ತದೆ.

ಆಗಸ್ಟ್ 11, ಸೋಮವಾರ

ಸ್ಟಾಕ್ ಬರಲಿಲ್ಲ. ಯಾರಿಗೂ ಬರಲಿಲ್ಲ. ಸುಧಾಕರಣ್ಣ ಫೋನಿನಲ್ಲಿ ಕುದಿಯುತ್ತಿದ್ದರು — ಕಂಪನಿಗೆ ಎಲ್ಲ ಗೊತ್ತಾಗಿದೆಯಂತೆ. “ಯಾರೋ ಊದಿದ್ದಾರೆ ಶಶಿಯಕ್ಕ. ನಿಮ್ಮಲ್ಲಿ ಆ ಕೆಲ್ವೋದ ಹುಡುಗಿ ಉಂಟಲ್ಲ…”

ಹೌದಲ್ಲ. ಶುಕ್ರವಾರ ಕುವೈಟಿನಿಂದ ಗಂಡನ ಫೋನ್ ಬಂದಾಗ ಮೀಟಿಂಗಿನ ಕಥೆಯೆಲ್ಲ ಹೇಳಿದ್ದೆ. ಭವ್ಯಶ್ರೀ ಪಕ್ಕದಲ್ಲೇ ಗಾಜು ಒರೆಸುತ್ತಿದ್ದಳು. ಒರೆಸಿದ ಗಾಜನ್ನೇ ಒರೆಸುತ್ತಿದ್ದಳು, ಈಗ ನೆನಪಾಗುತ್ತಿದೆ.

ಅವಳನ್ನೇ ನೇರ ಕೇಳಿದೆ. ಮುಖ ಕೆಂಪಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

“ನಾನು ಯಾರ ಹತ್ರವೂ ಎಂತ ಹೇಳ್ಲಿಲ್ಲ ಅಕ್ಕ.”

“ಮತ್ತೆ ಮುಖ ಯಾಕೆ ಕೆಂಪಾದದ್ದು?”

“ನೀವು ಹಾಗೆ ಕೇಳಿದ್ದಕ್ಕೆ.”

ಬಾಯಿ ಇದೆ ಹುಡುಗಿಗೆ.

ಆಗಸ್ಟ್ 12, ಮಂಗಳವಾರ

ಅವಳನ್ನು ತೆಗೆಯಿರಿ ಎಂದು ಗ್ರೂಪಿನಲ್ಲಿ ಎಲ್ಲರದೂ ಒಂದೇ ರಾಗ. ಸುಧಾಕರಣ್ಣನ ಅಂಗಡಿಯಲ್ಲೂ ಕೆಲ್ವೋದ ಪ್ರಮೋಟರ್ ಇದ್ದಾನೆ, ನೌಫಲನ ಅಂಗಡಿಯಲ್ಲೂ ಇದ್ದಾನೆ. ಆ ಮಾತು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ನಾಳೆಯಿಂದ ಬರಬೇಡ ಎಂದೆ. ಗಾಜು ಒರೆಸುವ ಬಟ್ಟೆ ಮಡಚಿಟ್ಟಳು. ಮತ್ತೆ ಹೇಳಿದಳು, “ಅಂಗಡಿಯವರು ಬೇಡ ಅಂದ್ರೆ ಕಂಪನಿಯೂ ತೆಗೀತದೆ ಅಕ್ಕ. ಈ ಕೆಲಸ ಒಂದು ಉಂಟು ಅಂತ ಅಪ್ಪ ಮದುವೆ ಮಾತು ಎತ್ತದೆ ಇರುದು. ಡಿಗ್ರಿ ಕರೆಸ್ಪಾಂಡೆನ್ಸಲ್ಲಿ ಇನ್ನೊಂದು ವರ್ಷ ಉಂಟು ನನಗೆ.”

ಕರಗಬಾರದು ಎಂದು ಬಿಲ್ ಪುಸ್ತಕ ತೆರೆದು ಕೂತೆ. ಬುತ್ತಿ ಡಬ್ಬಿ ತೊಳೆದುಕೊಂಡು ಹೋದಳು. ಲೋಕನಾಥನಿಗೆ ಮೆಸೇಜ್ ಹಾಕಿದೆ.  ಮಾಡಿದ್ದು ಸರಿಯೇ.

ಆಗಸ್ಟ್ 20, ಬುಧವಾರ

“ಆ ಹುಡುಗಿ ಎಲ್ಲಿ?” ಬಂದವರೆಲ್ಲ ಕೇಳುವುದು ಇದನ್ನೇ. ರಜೆ ಎನ್ನುತ್ತೇನೆ.

ಸುಧಾಕರಣ್ಣನ ಮೆಸೇಜ್: ಕೆಲ್ವೋ ವಿಷಯ ಸದ್ಯಕ್ಕೆ ಮುಂದೆ ಹಾಕುವ. ಯಾಕೆಂದು ಬರೆದಿಲ್ಲ. ಯಾರೂ ಕೇಳಲಿಲ್ಲ. ಹದಿನೈದು ಜನ ಕೈಮುಗಿದ ಚಿತ್ರ ಹಾಕಿದರು. ಇಷ್ಟು ಸುಲಭಕ್ಕೆ ಎಲ್ಲರೂ ಒಪ್ಪಿದ್ದು ಹೇಗೆ?

ಆಗಸ್ಟ್ 22, ಶುಕ್ರವಾರ

ಲೋಕನಾಥ ತಾನೇ ಸ್ಟಾಕ್ ತಂದ. ಚಾ ತರಿಸಿದೆ. ಭವ್ಯಶ್ರೀ ನಿಮಗೆ ಏನೇನು ಹೇಳಿದಳು ಎಂದೆ, ಗೊತ್ತಿದ್ದವಳ ಹಾಗೆ.

“ಅವಳು ಎಂತ ಹೇಳುದು?” ನಕ್ಕ. “ಆ ಗುರುವಾರ ಮೊದಲು ಫೋನ್ ಮಾಡಿದ್ದು ನೀವೇ ಅಲ್ವಾ. ಯಾವ ಲೆಕ್ಕ ಅಂತ ನನಗೆ ಗೊತ್ತಿರ್ಲಿಲ್ಲ. ಮತ್ತೆ ಒಬ್ಬೊಬ್ಬರದ್ದೇ ಫೋನ್ ಬಂತು, ನನ್ನನ್ನು ಸೇರಿಸ್ಬೇಡಿ, ನನ್ನನ್ನು ಸೇರಿಸ್ಬೇಡಿ ಅಂತ. ನೌಫಲ್ ಕೂಡ. ಕೊನೆಗೆ ಸುಧಾಕರಣ್ಣ.”

ಅವಳನ್ನು ಪುನಃ ಹಾಕಿ ಎಂದೆ.

“ಹೆಸರು ತೆಗ್ದಾಯ್ತು ಶಶಿಯಕ್ಕ. ನಂಬಿಕೆಗೆ ಅರ್ಹಳಲ್ಲ ಅಂತ ನೀವೇ ಬರೆದು ಕಳಿಸಿದ್ರಿ.”

ಚಾ ಅರ್ಧ ಬಿಟ್ಟು ಹೋದ.

ಅದೇ ದಿನ, ಸಂಜೆ

ಭವ್ಯಶ್ರೀಗೆ ಫೋನ್ ಮಾಡಿದೆ. ಎತ್ತಿದಳು. ಹಿಂದೆ ತುಂಬ ಜನರ ಮಾತು, ಲೋಟಗಳ ಸದ್ದು.

“ಏನು ಗೌಜಿ?”

“ನೋಡ್ಲಿಕ್ಕೆ ಬಂದಿದ್ದಾರೆ ಅಕ್ಕ.”

ಸಂಬಳ ನಾನೇ ಕೊಡುತ್ತೇನೆ, ಸೋಮವಾರ ಬಾ ಎನ್ನಬೇಕೆಂದಿದ್ದೆ. ಅದಕ್ಕೂ ಮೊದಲು ಹೇಳಬೇಕಾದದ್ದು ಒಂದಿತ್ತು. ಅವಳು ಕಾಯುತ್ತಿದ್ದಳು.

“ಭವ್ಯಾ, ಆ ಮೀಟಿಂಗ್ ದಿನ ಲೋಕನಾಥನಿಗೆ ಮೊದಲು ಫೋನ್ ಮಾಡಿದ್ದು ಸುಧಾಕರಣ್ಣ ಅಂತೆ” ಎಂದೆ.

“ಹೌದಾ ಅಕ್ಕ” ಎಂದಳು. ಅಷ್ಟೇ. ಆಶ್ಚರ್ಯ ಇರಲಿಲ್ಲ ಆ ದನಿಯಲ್ಲಿ. ಸಿಟ್ಟೂ ಇರಲಿಲ್ಲ. ಯಾಕಿರಲಿಲ್ಲ? ಲೋಕನಾಥ ಇಲ್ಲಿಂದ ಹೊರಟವನು ಅವಳಿಗೂ ಫೋನ್ ಮಾಡಿ ನನ್ನ ಹೆಸರು ಊದಿರಬೇಕು.