ಅಪ್ಪನ ಏಳು ಕ್ಯಾಮೆರಾ

ನವೆಂಬರ್ ೧೨, ಬುಧವಾರ

ತೀರಿಕೊಂಡ ಅಪ್ಪನ ಏಳು ಹಳೇ ಕ್ಯಾಮೆರಾಗಳನ್ನೂ ಇವತ್ತು ಮಾರಿ ಬಂದೆ. ಚೀಲ ಹೊತ್ತ ಭುಜ ಇನ್ನೂ ಸೆಳೆಯುತ್ತಿದೆ. ಬೆಲೆ ನ್ಯಾಯವಾಗಿಯೇ ಸಿಕ್ಕಿತು, ಅದರ ಬಗ್ಗೆ ತಕರಾರಿಲ್ಲ. ಕೊರೆಯುತ್ತಿರುವುದು ಬೇರೆ.

ಅಂಗಡಿಯ ಮುದುಕ ಒಂದೊಂದನ್ನೂ ಕಿವಿಗೆ ಹಿಡಿದು, ಗುಂಡಿ ಒತ್ತಿ, ಸದ್ದು ಆಲಿಸಿದ. ಕೊನೆಯದನ್ನು ಮಾತ್ರ ಎರಡೆರಡು ಸಲ ಒತ್ತಿದ. "ಇದಕ್ಕೆ ಸ್ವಲ್ಪ ಕಡಿಮೆ ಮಾಡ್ಕೋಬೇಕಮ್ಮ. ಶಟರ್ ನಿಧಾನ, ಮೊದಲಿಂದಾನೂ ಹೀಗೇ ಇರಬೇಕು. ಯಾರನ್ನ ತೆಗೆದ್ರೂ ಮಸುಕೇ ಬರೋದು."

ಅಪ್ಪ ಅದರಲ್ಲಿ ತೆಗೆದದ್ದೆಲ್ಲ ಅಮ್ಮನನ್ನೇ. ಆಲ್ಬಮ್ಮಿನಲ್ಲಿ ಒಂದರಲ್ಲೂ ಅವಳ ಮುಖ ಸ್ಪಷ್ಟವಿಲ್ಲ. ಪ್ರಿಂಟು ಬಂದಾಗಲೆಲ್ಲ ಅಪ್ಪನದು ಒಂದೇ ರಾಗ: "ಮತ್ತೆ ಅಲ್ಲಾಡಿದೀಯ ನೀನು! ಬಾ, ನಿಂತ್ಕೋ, ಇನ್ನೊಂದು ತೆಗೀತೀನಿ."

ಮನೆಗೆ ಬಂದವಳೇ ಅಮ್ಮನಿಗೆ ಹೇಳಿಬಿಟ್ಟೆ. ಬಾಯಿ ಮುಚ್ಚಿಕೊಂಡಿರಬಹುದಿತ್ತು. ಅವಳು ಬಟ್ಟೆ ಮಡಿಸುವುದನ್ನು ನಿಲ್ಲಿಸಲೂ ಇಲ್ಲ.

"ನಂಗೆ ಗೊತ್ತಿತ್ತು ಕಣೇ. ಉಸಿರೂ ಬಿಡದೆ ನಿಂತಿರ್ತಿದ್ದೆ ನಾನು."

"ಮತ್ತೆ ಅಷ್ಟು ವರ್ಷ ಯಾಕೆ ಬೈಸ್ಕೊಂಡೆ? ಹೇಳ್ಬಹುದಿತ್ತಲ್ಲಮ್ಮ?"

"ಹೇಳಿದ್ರೆ ಇನ್ನೊಂದು ತೆಗೀತಿದ್ರಾ?"