ಮೆಲ್ಲಗೆ ಹೊರಡುವ ಕಾರು

ಶ್ರೀಮಾನ್ ಶಾಂತರಾಜು ಅವರ ದಿವ್ಯ ಸನ್ನಿಧಿಗೆ,

ನೀನು ತೀರಿಕೊಂಡ ಮೇಲೆ ಮೊದಲ ಸಲ, ಇವತ್ತು ಮಾಂಬಳ್ಳಿಯ ಕಣದಲ್ಲಿ ನಿನ್ನ ರಿಮೋಟ್ ಕಾರನ್ನು ಪಂದ್ಯಕ್ಕೆ ಬಿಟ್ಟೆ. ಗೆಲ್ಲಿಸಲೇಬೇಕೆಂದು ದೊಡ್ಡ ಮೋಟಾರು ಕೂರಿಸಿದ್ದೆ. ಪಂದ್ಯಕ್ಕೆ ಮುಂಚೆ ಓಡಿಸಿ ನೋಡಿದಾಗ, ಅದು ಎಳೆಯುವ ಕರೆಂಟು ತಾಳಲಾರದೆ ನಿನ್ನ ಸ್ಪೀಡ್ ಕಂಟ್ರೋಲರು ದೋಸೆ ಕಾವಲಿಯಂತೆ ಕಾದುಬಿಟ್ಟಿತು.

"ಕಂಟ್ರೋಲರನ್ನೂ ದೊಡ್ಡದೇ ಹಾಕ್ತೀನಿ" ಎಂದೆ. ನಿನ್ನ ರತ್ನ ತಡೆದಳು.

"ಬ್ಯಾಡ ಕಣಣ್ಣ. ಮೆಲ್ಲಗೆ ಒರಡಂಗೆ ಅವ್ರೇ ಅದ್ರಲ್ಲಿ ಸೆಟ್ಟಿಂಗ್ ಮಾಡವ್ರೆ. ಅದೊಂದಾದ್ರೂ ಇರ್ಲಿ."

ಹಳೇ ಮೋಟಾರನ್ನೇ ತಿರುಗಿ ಹಾಕಿದೆ. ನಾನು ಸದಾ ಗೇಲಿ ಮಾಡುತ್ತಿದ್ದ ಆ ಎಮ್ಮೆ ನಡಿಗೆಯಲ್ಲೇ ಕಾರು ಹೊರಟು, ಎಲ್ಲರಿಗಿಂತ ಕೊನೆಗೆ ಬಂತು. ರತ್ನ ಒಬ್ಬಳೇ ಚಪ್ಪಾಳೆ ತಟ್ಟಿದಳು.

ಕಾರಿಗೆ ಅಷ್ಟು ನಿಧಾನ ಕಲಿಸಿದವನು, ನೀನು ಮಾತ್ರ ಯಾಕೋ ಹೊರಡುವುದಕ್ಕೆ ಇಷ್ಟು ಅವಸರ ಮಾಡಿದೆ?